ಅಮ್ಮ ನಿಲ್ಲಿಸಿದ ಧೂಪ

ನಮ್ಮ ಮನೆಗೆ ಹೊಸಬರು ಬಂದರೆ ಜಗಲಿಯಲ್ಲಿ ಕೂತ ಸ್ವಲ್ಪ ಹೊತ್ತಿಗೆ ಕಿವಿಗೊಡಲು ಶುರು ಮಾಡುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ, "ಒಳಗೆ ಯಾರಾದ್ರೂ ಮಲಗಿದ್ದಾರಾ? ಗೊರಕೆ ಕೇಳ್ತದೆ." ಅದು ಗೊರಕೆಯಲ್ಲ, ನನ್ನ ತಮ್ಮನಿಗೆ ಉಸಿರು ಕೊಡುವ ಮೆಶಿನ್. ಗಾಳಿ ನೂಕುತ್ತದೆ, ಬಿಡುತ್ತದೆ, ಮತ್ತೆ ನೂಕುತ್ತದೆ. ತಮ್ಮನ ಮಂಚ ಜಗಲಿಯ ಗೋಡೆಯ ಆಚೆ ಬದಿಯಲ್ಲೇ ಇರುವುದರಿಂದ ಅವನಿಗೆ ಎಲ್ಲ ಕೇಳಿಸುತ್ತದೆ. ಮೆಶಿನ್ ಉಸಿರು ಕೊಡುವವರೆಗೆ ಕಾದು, ಆ ಉಸಿರಿನಲ್ಲಿ ಹಿಡಿಸುವಷ್ಟು ಮಾತು ಹೇಳುತ್ತಾನೆ. "ಅದು ನನ್ನ ಹೆಂಡತಿ." ಮತ್ತೊಂದು ಉಸಿರು. "ಮೂಗು ಬಿಟ್ಟು ಆಚೆ ಹೋಗುವುದೇ ಇಲ್ಲ." ಬಂದವರಿಗೆ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ನಾವು ನಗುವುದನ್ನು ನೋಡಿ ಅವರೂ ನಗುತ್ತಾರೆ.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯ ಮನೆ. ಮನೆಯಲ್ಲಿ ಮೂರೇ ಜನ, ಅಮ್ಮ, ನಾನು, ತಮ್ಮ. ಅಪ್ಪ ಮೆಶಿನ್ ಬರುವ ಮೊದಲೇ ತೀರಿಕೊಂಡರು. ಮಾತನಾಡುವುದು ತುಳು, ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ತಮ್ಮ ಮೂಡುಬಿದಿರೆಯ ಕಾಲೇಜಿನಲ್ಲಿ ಓದಿದವನು. ಆಗಲೇ ಅವನಿಗೆ ಕಾಲು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಎತ್ತಿ ಬಸ್ಸಿಗೆ ಹತ್ತಿಸುತ್ತಿದ್ದರು, ಆಚೆ ಕಡೆ ಕಂಡಕ್ಟರ್ ಎತ್ತಿ ಇಳಿಸುತ್ತಿದ್ದ. ಮಾಂಸಖಂಡಗಳು ಸಣ್ಣಗೆ ಸವೆಯುತ್ತಾ ಹೋಗುವ ಕಾಯಿಲೆ ಅದು. ಕಾಲು ಹೋಯಿತು, ಕೈ ಹೋಯಿತು, ಕೊನೆಗೆ ಎದೆಗೆ ಗಾಳಿ ಎಳೆಯುವ ಶಕ್ತಿಯೂ ಹೋಯಿತು. ಈಗ ಅವನಿಗೆ ಆಡುವುದು ಮುಖ, ಎಡಗೈಯ ಎರಡು ಬೆರಳು, ಮತ್ತೆ ನಾಲಿಗೆ. ನಾಲಿಗೆಗೆ ಏನೂ ಆಗಿಲ್ಲ.

ಇದನ್ನು ಬರೆ ಎಂದು ಹೇಳಿದವನು ಅವನೇ. ನನ್ನ ಒತ್ತಕ್ಷರಗಳನ್ನು ಅವನು ತಿದ್ದಿದ್ದಾನೆ. ವಿಷಯಕ್ಕೆ ಮಾತ್ರ ಕೈ ಹಾಕಬೇಡ ಎಂದು ನಾನು ಮೊದಲೇ ಹೇಳಿದ್ದೆ. ಯಾಕೆಂದರೆ ಅವನು ಬರೆದರೆ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾನೆ.

ಮೆಶಿನ್ ಬರುವ ಮೊದಲಿನಿಂದಲೂ ನಾನು ಬೀಡಿ ಕಟ್ಟುತ್ತಿದ್ದದ್ದು ತಮ್ಮನ ಮಂಚದ ಪಕ್ಕದಲ್ಲಿ, ನೆಲದ ಮೇಲೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಅದರ ಒಂದು ಬದಿಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಹುಡಿ. ಅವನು ಕಿಟಕಿಯಿಂದ ರಸ್ತೆ ನೋಡುತ್ತಾನೆ. ಬಸ್ಸು ತಿರುವಿನಲ್ಲಿ ಇರುವಾಗಲೇ ಹಾರ್ನ್ ಕೇಳಿ ಯಾವ ಬಸ್ಸು, ಎಷ್ಟು ನಿಮಿಷ ತಡ ಎಂದು ಹೇಳುತ್ತಾನೆ. ಫೋನಿನಲ್ಲಿ ಓದಿದ ಸುದ್ದಿ ಹೇಳುತ್ತಾನೆ, ನಾನು ಕೇಳುತ್ತಾ ಕಟ್ಟುತ್ತೇನೆ. ನನ್ನ ಕೈ ನಿಂತರೆ ಸುದ್ದಿ ಒಳ್ಳೆಯದು ಎಂದು ಅವನಿಗೆ ಗೊತ್ತಾಗುತ್ತದೆ. ಹಾಗೆ ನಮಗೆ ಹನ್ನೊಂದು ವರ್ಷ ಕಳೆದದ್ದು ತಿಳಿಯಲಿಲ್ಲ.

ಮೆಶಿನ್ ತಂದು ಜೋಡಿಸಿದವರು ಮಂಗಳೂರಿನಿಂದ ಬಂದ ಒಬ್ಬ ಟೆಕ್ನೀಶಿಯನ್. ತಾಳ್ಮೆಯ ಮನುಷ್ಯ. ಹಿಂದೆ ಒಂದು ಸಣ್ಣ ಮುಚ್ಚಳ ತೆಗೆದು ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪಂಜಿನ ತುಂಡು ತೋರಿಸಿದರು. "ಇದು ಫಿಲ್ಟರ್. ಕೋಣೆಯ ಗಾಳಿ ಇದರ ಮೂಲಕವೇ ಇವರ ಎದೆಗೆ ಹೋಗುವುದು. ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕೋಣೆಯಲ್ಲಿ ಹೊಗೆ, ಧೂಳು ಆಗ್ಬಾರ್ದು." ಆಮೇಲೆ ಸುಮ್ಮನೆ ಮಾತಿಗೆಂದು ಕೇಳಿದರು, "ನೀವು ಎಂತ ಕೆಲಸ ಮಾಡ್ತೀರಿ ಅಕ್ಕ?"

"ಮನೆಯಲ್ಲೇ," ಎಂದೆ. ತಡ್ಪೆ ಮಂಚದ ಅಡಿಯಲ್ಲಿತ್ತು. ಕಾಲಿನಿಂದ ಇನ್ನಷ್ಟು ಒಳಗೆ ನೂಕಿದೆ.

ಒಂದು ವಾರ ಜಗಲಿಯಲ್ಲಿ ಕೂತು ಕಟ್ಟಿದೆ, ಅದು ಸುಳ್ಳಲ್ಲ. ಆದರೆ ಮೂಗಿಗೆ ಮಾಸ್ಕ್ ಹಾಕಿದವನಿಗೆ ಜೋರಾಗಿ ಕರೆಯಲು ಬರುವುದಿಲ್ಲ. ಮಾಸ್ಕ್ ಒಂದಿಷ್ಟು ಜಾರಿದರೆ ಮಾತಿಗೆ ಉಸಿರೂ ಸಿಗುವುದಿಲ್ಲ, ಗಾಳಿ ಕಣ್ಣಿಗೆ ಹೊಡೆಯುತ್ತದೆ. ಹುಬ್ಬು ತುರಿಸುತ್ತದೆ, ನೊಣ ಕೂರುತ್ತದೆ, ಕಾಲು ಜೋಮು ಹಿಡಿಯುತ್ತದೆ. ಕೈ ಇರುವವರಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ನಾನು ಹೊರಗೆ ಕೂತು ಮೆಶಿನಿನ ಸದ್ದಿಗೆ ಕಿವಿ ಇಟ್ಟು, ಸದ್ದು ಸ್ವಲ್ಪ ಬದಲಾದಂತೆ ಅನಿಸಿದರೆ ಓಡುತ್ತಿದ್ದೆ. ಎಷ್ಟೋ ಸಲ ಏನೂ ಆಗಿರುತ್ತಿರಲಿಲ್ಲ. ಒಂದು ದಿನ ಹೋಗಿ ನೋಡುವಾಗ ಮಾಸ್ಕ್ ಜಾರಿ ಕೆನ್ನೆಯ ಮೇಲೆ ಕೂತಿತ್ತು, ಅವನ ಎರಡು ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. "ಅಳುವುದಲ್ಲ ಮಾರಾಯ್ತಿ, ಗಾಳಿ," ಎಂದ, ಮಾಸ್ಕ್ ಸರಿ ಮಾಡಿದ ಮೇಲೆ. ಮರುದಿನ ಎಲೆ ಕತ್ತರಿಸುವ ಕೆಲಸ ಮಾತ್ರ ಒಳಗೆ ತಂದೆ, ಎಲೆಯಲ್ಲಿ ಹುಡಿ ಇಲ್ಲವಲ್ಲ ಎಂದು. ನಾಲ್ಕು ದಿನದಲ್ಲಿ ಹುಡಿಯೂ ಒಳಗೆ ಬಂತು. ಅಮ್ಮ ಅದನ್ನು ನೋಡಿದರೂ ಏನೂ ಹೇಳಲಿಲ್ಲ. ಮೂವತ್ತು ವರ್ಷ ಬೀಡಿ ಕಟ್ಟಿದ ಅವರಿಗೆ ಹೊಗೆಸೊಪ್ಪಿನ ಹುಡಿ ಧೂಳಾಗಿ ಕಂಡಿರಲಿಕ್ಕಿಲ್ಲ. ಅಕ್ಕಿಯ ಹಾಗೆ, ಉಪ್ಪಿನ ಹಾಗೆ ಮನೆಯಲ್ಲಿ ಇರುವ ವಸ್ತು ಅದು.

ನನಗೆ ಮಾತ್ರ ಕಂಡಿತ್ತು. ವಾರಕ್ಕೊಮ್ಮೆ ಫಿಲ್ಟರ್ ತೆಗೆದರೆ ಅದು ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿರುತ್ತಿತ್ತು. ಬಚ್ಚಲಿನ ಹಿಂದೆ, ಅಮ್ಮ ದನದ ಹಟ್ಟಿಗೆ ಹೋದ ಹೊತ್ತಿನಲ್ಲಿ ಅದನ್ನು ತೊಳೆಯುತ್ತಿದ್ದೆ. ಹಿಂಡಿದರೆ ಹಳದಿ ನೀರು. ಟೆಕ್ನೀಶಿಯನ್ ಬರುವ ದಿನ ಹೊಸ ಫಿಲ್ಟರ್ ಹಾಕಿಡುತ್ತಿದ್ದೆ. ಅವರು ಮುಚ್ಚಳ ತೆಗೆದು ನೋಡಿ, "ಎಷ್ಟು ಕ್ಲೀನ್ ಇಟ್ಟಿದ್ದೀರಿ ಅಕ್ಕ, ಪೇಟೆಯವರ ಮನೆಯಲ್ಲಿ ಸಹ ಹೀಗೆ ಇರುವುದಿಲ್ಲ," ಎನ್ನುತ್ತಿದ್ದರು. ಅಮ್ಮ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ವರ್ಷ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜಡಿಮಳೆಯಲ್ಲಿ, ಆದದ್ದನ್ನು ಹೇಳಬೇಕು. ಆಟಿಯಲ್ಲಿ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಹೊಸ ಫಿಲ್ಟರುಗಳು ಮುಗಿದಿದ್ದವು. ಇದ್ದ ಒಂದನ್ನು ಬೆಳಿಗ್ಗೆ ತೊಳೆದೆ, ಒಲೆಯ ಮೇಲಿನ ಮೊಳೆಗೆ ಸಿಕ್ಕಿಸಿದೆ. ತೇವದ ಬೀಡಿಯನ್ನು ಒಣಗಿಸುವುದೂ ಅದೇ ಒಲೆಯ ಬಿಸಿಯಲ್ಲಿ. ಸಂಜೆಯೊಳಗೆ ಒಣಗುತ್ತದೆ, ಅಷ್ಟು ಹೊತ್ತು ಫಿಲ್ಟರ್ ಇಲ್ಲದೆ ಮೆಶಿನ್ ಓಡಲಿ, ಏನಾಗುತ್ತದೆ ಎಂದುಕೊಂಡೆ. ಮೆಶಿನ್ ನಿಲ್ಲಿಸುವ ಹಾಗಂತೂ ಇಲ್ಲ. ಅವನಿಗೆ ಅದು ಇಲ್ಲದೆ ನಾಲ್ಕು ತುತ್ತು ಉಣ್ಣುವಷ್ಟು ಹೊತ್ತು ಮಾತ್ರ ಆಗುತ್ತದೆ. ಅದೇ ದಿನ ಬೀಡಿ ಕಂಪನಿಯ ಬ್ರಾಂಚಿನಿಂದ ಹೊಸ ಹುಡಿ ಬಂದಿತ್ತು. ತುಂಬಾ ನಯ, ಕೈ ಹಾಕಿದರೆ ಹಾರುತ್ತಿತ್ತು. ಹುಡಿ ಹಾರಬಾರದೆಂದು ಫ್ಯಾನ್ ಹಾಕಿರಲಿಲ್ಲ, ಮಳೆಯ ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂತು ಕಟ್ಟಿದೆ. ತಮ್ಮ ಎರಡು ಸಲ ಸೀನಿದ. "ಯಾರೋ ನೆನೆಸ್ತಿದ್ದಾರೆ," ಎಂದ. ನಾನು ನಕ್ಕೆ.

ಮೂರನೆಯ ದಿನ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಗೆ ಹಾಕುವ ಶಕ್ತಿ ಇಲ್ಲದವನ ಎದೆಯಲ್ಲಿ ಕಫ ಕಟ್ಟುವುದೆಂದರೆ ಏನೆಂದು ನೋಡಿದವರಿಗೆ ಮಾತ್ರ ಗೊತ್ತು. ಮೆಶಿನ್ ಕೂಗುತ್ತಲೇ ಇತ್ತು. ಆಂಬುಲೆನ್ಸ್ ಬಂತು. ಮೊದಲು ಮೂಡುಬಿದಿರೆ, ಅಲ್ಲಿಂದ ಮಂಗಳೂರು. ಅವನನ್ನು ಆಸ್ಪತ್ರೆಯ ಮೆಶಿನಿಗೆ ಹಾಕಿದರು. ನಮ್ಮದು ಮನೆಯಲ್ಲೇ ಉಳಿಯಿತು, ಹಿಂದೆ ಒಣಗಿದ ಫಿಲ್ಟರ್ ಹಾಕಿಕೊಂಡು. ಅಷ್ಟು ಗಡಿಬಿಡಿಯಲ್ಲಿಯೂ ಅದನ್ನು ಹಾಕಲು ನಾನು ಮರೆತಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು, "ಮನೆಯಲ್ಲಿ ಹೊಗೆ ಗಿಗೆ ಏನಾದ್ರೂ ಉಂಟಾ? ಧೂಳು?" ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು. ನಾನು ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದು ಬೇರೆ.

"ಅಮ್ಮ ಶುಕ್ರವಾರ ಧೂಪ ಹಾಕ್ತಾರೆ."

ಅದು ನಿಜವೂ ಹೌದು. ನಮ್ಮ ಅಮ್ಮ ಮದುವೆಯಾಗಿ ಬಂದಂದಿನಿಂದ ಪ್ರತಿ ಶುಕ್ರವಾರ ಸಂಜೆ ತೆಂಗಿನ ಗೆರಟೆಯ ಕೆಂಡ ಮಾಡಿ, ಅದರ ಮೇಲೆ ಲೋಬಾನದ ಹುಡಿ ಉದುರಿಸಿ ದೇವರ ಫೋಟೋದ ಎದುರು ಧೂಪ ಹಾಕುವವರು. ಮೆಶಿನ್ ಬಂದ ಮೇಲೆ ತಮ್ಮನ ಬಾಗಿಲು ಮುಚ್ಚಿಯೇ ಹಾಕುತ್ತಿದ್ದರು. ಡಾಕ್ಟರಮ್ಮ ಗದರಲಿಲ್ಲ. ಇಂಥದ್ದರಿಂದಲೇ ಬಂತು ಎಂದು ಹೇಳಲಿಕ್ಕಾಗುವುದಿಲ್ಲ, ಶೀತದಿಂದಲೂ ಬರಬಹುದು, ಆದರೂ ಇನ್ನು ಹೊಗೆ ಬೇಡ ಎಂದರು ಅಷ್ಟೆ. ಅಮ್ಮನಿಗೆ ಕೊನೆಯ ಮಾತು ಮಾತ್ರ ಕೇಳಿತು.

ತಮ್ಮ ಬದುಕಿ ಬಂದ, ಹತ್ತು ದಿನದ ನಂತರ. ಸಪೂರವಾಗಿದ್ದ. ಬಸ್ಸಿನವರು ತಿರುವಿನಲ್ಲಿ ಹಾರ್ನ್ ಉದ್ದಕ್ಕೆ ಹೊಡೆದರು, ಅವನು ಬಂದ ಸುದ್ದಿ ಅವರಿಗೆ ಹೇಗೋ ತಲುಪಿತ್ತು. ನಾನು ತಡ್ಪೆಯನ್ನು ಜಗಲಿಗೆ ತಂದೆ, ಈ ಸಲ ನಿಜವಾಗಿ. ಅಂಗಡಿಯಿಂದ ಬಾಗಿಲಿಗೆ ಹಾಕುವ ವೈರ್ ಇಲ್ಲದ ಬೆಲ್ ತರಿಸಿ ಗುಂಡಿಯನ್ನು ಅವನ ಎಡಗೈ ಬೆರಳಿನ ಅಡಿ ಅಂಟಿಸಿದೆ. ಒತ್ತಿದರೆ ಜಗಲಿಯಲ್ಲಿ ಹಕ್ಕಿ ಕೂಗುತ್ತದೆ. ಇಷ್ಟು ಸಣ್ಣ ವಸ್ತು ಮೊದಲೇ ಹೊಳೆಯಲಿಲ್ಲ. ಒಳಗೆ ಹೋಗುವ ಮೊದಲು ಕೈ ತೊಳೆದು ಬೀಡಿಯ ಸೀರೆ ಬಿಚ್ಚಿ ಬೇರೆ ಉಡುತ್ತಿದ್ದೆ. ಇನ್ನೇನು, ಎಲ್ಲ ಸರಿಯಾಯಿತು ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

ಅಮ್ಮ ಧೂಪದ ಪಾತ್ರೆಯನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಊದುಬತ್ತಿಯನ್ನೂ ಬಿಟ್ಟರು. ಅಷ್ಟೇ ಆಗಿದ್ದರೆ ನನಗೆ ಸಹಿಸಬಹುದಿತ್ತೇನೋ. ಒಲೆಯ ಬುಡದಿಂದ ಎದ್ದರೆ ಸ್ನಾನ ಮಾಡದೆ ಅವರು ಮಗನ ಕೋಣೆಗೆ ಕಾಲಿಡಲಿಲ್ಲ. ದಿನಕ್ಕೆ ಮೂರು ಸ್ನಾನ, ಜಡಿಮಳೆಯಲ್ಲಿ. ಆಮೇಲಾಮೇಲೆ ಹೋಗುವುದೇ ಕಡಿಮೆಯಾಯಿತು. ಬಟ್ಟಲನ್ನು ಹೊಸ್ತಿಲಲ್ಲಿಟ್ಟು, "ನೀನೇ ಉಣ್ಣಿಸು ಮಗಳೇ, ನನ್ನ ಮೈಯೆಲ್ಲ ಹೊಗೆ," ಎನ್ನುತ್ತಿದ್ದರು. ಅವನ ಮಾಸ್ಕ್ ಸರಿ ಮಾಡುವುದರಲ್ಲಿ ಅಮ್ಮನ ಕೈಯೇ ನಯ. ನಾನು ಹಾಕಿದರೆ ಕೆನ್ನೆಯಲ್ಲಿ ಗೆರೆ ಬೀಳುತ್ತದೆ. ಆ ಕೈಯನ್ನು ಅವರು ಹಿಂದಕ್ಕೆ ತೆಗೆದರು.

ಅಮ್ಮನ ತಂಗಿ ಬೆಳ್ತಂಗಡಿಯ ಆಚೆ, ಕಕ್ಕಿಂಜೆಯಲ್ಲಿ ಇರುವವರು. ದೀಪಾವಳಿ ಕಳೆದು ತಮ್ಮನನ್ನು ನೋಡಲು ಬಂದರು. ಚಿಕ್ಕಮ್ಮನದು ದೊಡ್ಡ ಬಾಯಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವರಲ್ಲ. ಒಳಗೆ ಬರುವ ಮೊದಲೇ ಶುರುವಾಯಿತು. "ಎಂತ ಅಕ್ಕ, ಹೊಗೆ ಹಾಕಿ ಮಗನನ್ನು ಒಣಮೀನು ಮಾಡ್ಲಿಕ್ಕೆ ಹೊರಟಿದ್ದೆಯಂತೆ? ದೇವರು ಧೂಪ ಕೇಳಿದ್ದಾ, ನಿನ್ನ ಮಗನನ್ನು ಕೇಳಿದ್ದಾ?" ತಮಾಷೆಗೆ ಹೇಳಿದ್ದು. ಅಮ್ಮ ತಲೆ ತಗ್ಗಿಸಿ, "ಹೌದು, ನನ್ನಿಂದಲೇ ಆದದ್ದು," ಎಂದರು. ನಾನು ತಮ್ಮನ ಕೋಣೆಯ ಬಾಗಿಲ ಹತ್ತಿರ ಚಹಾದ ಲೋಟ ಹಿಡಿದು ನಿಂತಿದ್ದೆ. ತಮ್ಮ ನನ್ನನ್ನು ನೋಡಿದ. ಅವನಿಗೆ ಕುತ್ತಿಗೆ ತಿರುಗಿಸಲು ಬರುವುದಿಲ್ಲ, ಹಾಗಾಗಿ ನಾನೇ ಮುಖ ತಿರುಗಿಸಿದೆ.

ಮಳೆ ಹೋಯಿತು, ಚಳಿ ಹೋಯಿತು, ಬೇಸಗೆ ಬಂತು. ನಾನು ಹೇಳಲಿಲ್ಲ. ಇವತ್ತು ಶುಕ್ರವಾರ, ಇವತ್ತು ಬೇಡ. ಇವತ್ತು ಅಮ್ಮನಿಗೆ ತಲೆನೋವು, ಇವತ್ತು ಬೇಡ. ನಾವು ಸಂತೋಷವಾಗಿ ಇಲ್ಲದಿದ್ದರೆ ಹೇಳುವುದು ಸುಲಭವಿತ್ತು. ಆದರೆ ದಿನಗಳು ಚೆನ್ನಾಗಿಯೇ ಹೋಗುತ್ತಿದ್ದವು. ತಮ್ಮನ ಕೆನ್ನೆ ತುಂಬಿತು. ಕರೆಂಟು ತೆಗೆಯುವ ಮೊದಲು ಲೈನ್‌ಮ್ಯಾನ್ ಅವನಿಗೆ ಫೋನ್ ಮಾಡಿ, "ತೆಗೆಯಲಾ ಸಾಹೇಬ್ರೇ?" ಎಂದು ಕೇಳುತ್ತಾನೆ. ಇವನು ಇನ್ವರ್ಟರಿನ ದೀಪ ನೋಡಿ, "ಅನುಮತಿ ಕೊಟ್ಟಿದ್ದೇವೆ," ಎನ್ನುತ್ತಾನೆ. ಇಂಥ ನಗುವಿನ ಮಧ್ಯೆ ಆ ಮಾತನ್ನು ಎಲ್ಲಿಂದ ತೆಗೆಯುವುದು?

ಅದು ಹೊರಬಂದದ್ದು ಟೆಕ್ನೀಶಿಯನ್ ವರ್ಷದ ಸರ್ವಿಸಿಗೆ ಬಂದ ದಿನ. ತಮ್ಮನಿಗೆ ಅವರು ತಂದ ಬೇರೆ ಮೆಶಿನ್ ಜೋಡಿಸಿ, ನಮ್ಮದನ್ನು ಜಗಲಿಗೆ ತಂದು ಸ್ಕ್ರೂ ಬಿಚ್ಚಿದರು. ಅಮ್ಮ ಎದುರಿನ ಕಟ್ಟೆಯಲ್ಲಿ ಕೂತಿದ್ದರು. ಒಳಗಿನ ಫ್ಯಾನಿನ ಭಾಗವನ್ನು ಟೆಕ್ನೀಶಿಯನ್ ಪೇಪರಿನ ಮೇಲೆ ಮೆಲ್ಲಗೆ ತಟ್ಟಿದರು. ಕಂದು ಬಣ್ಣದ ಹುಡಿ ಬಿತ್ತು, ಒಂದು ಚಿಟಿಕೆಯಷ್ಟು.

"ಇದು ಹೇಗೆ ಒಳಗೆ ಹೋಯ್ತು?" ಎಂದರು. "ಹೊಗೆಯ ಮಸಿ ಅಲ್ಲ ಇದು. ಮಸಿ ಆದ್ರೆ ಕಪ್ಪಗೆ ಇರ್ತದೆ, ಕೈಗೆ ಹತ್ತುತ್ತದೆ. ಎಂಥದು ಇದು, ಅಮ್ಮ?"

ಅಮ್ಮ ಬಗ್ಗಿ ಹೆಬ್ಬೆರಳು, ತೋರುಬೆರಳಿನಲ್ಲಿ ಅದನ್ನು ತೆಗೆದು ಉಜ್ಜಿದರು. ಬೀಡಿ ಕಟ್ಟುವವರು ಹೊಸ ಹುಡಿ ಬಂದಾಗ ಉಜ್ಜಿ ನೋಡುವ ರೀತಿಯಲ್ಲಿ. ಆಮೇಲೆ ಮೂಗಿನ ಹತ್ತಿರ ಹಿಡಿದರು. ನಾನು ಜಗಲಿಯ ಮೂಲೆಯಲ್ಲಿ ಕೂತಿದ್ದೆ. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತುತ್ತಲೇ ಇದ್ದೆ, ಸುತ್ತು ಮುಗಿದಿದ್ದರೂ.

"ಅಡಿಗೆಮನೆದು," ಎಂದರು ಅಮ್ಮ. "ಕೊತ್ತಂಬರಿ ಹುರಿದು ಹುಡಿ ಮಾಡಿದ್ದೆ ಒಮ್ಮೆ. ಹಾರಿರ್ಬೇಕು. ಇನ್ನು ಜಾಗ್ರತೆ ಮಾಡ್ತೇನೆ ಮಗಾ."

ಟೆಕ್ನೀಶಿಯನ್ ನಂಬಿದರು. ಒರೆಸಿ, ಜೋಡಿಸಿ, ನಮ್ಮ ಮೆಶಿನನ್ನು ತಮ್ಮನಿಗೆ ಹಾಕಿ, ಊಟ ಮಾಡಿ ಹೋದರು. ಅವರ ಬೈಕಿನ ಸದ್ದು ತಿರುವು ದಾಟಿತು.

"ಹುಡಿ ನನ್ನದು," ಎಂದೆ.

"ಮತ್ತೆ? ಈ ಮನೆಯಲ್ಲಿ ಬೇರೆ ಯಾರ ಹುಡಿ ಉಂಟು?" ಅಮ್ಮ ನನ್ನ ಮುಖ ನೋಡಲಿಲ್ಲ. ಬೆರಳಿಗೆ ಹತ್ತಿದ್ದನ್ನು ಕಟ್ಟೆಗೆ ಒರೆಸುತ್ತಿದ್ದರು.

ನಾನು ಎಲ್ಲ ಹೇಳಿದೆ. ಮೊಳೆಗೆ ಸಿಕ್ಕಿಸಿದ ಫಿಲ್ಟರ್, ಮುಚ್ಚಿದ ಕಿಟಕಿ, ಹಳದಿ ನೀರು, ಟೆಕ್ನೀಶಿಯನ್ ಬರುವ ದಿನದ ಹೊಸ ಫಿಲ್ಟರ್, ಎಲ್ಲ. ಹೇಳಿ ಮುಗಿದ ಮೇಲೆ ಅಮ್ಮ ಹೇಳಿದ್ದು ಹುಡಿಯ ವಿಷಯ ಅಲ್ಲ.

"ಹುಡಿ ನಾನೂ ನೋಡಿದ್ದೇನೆ. ಅದಕ್ಕೆ ನಿನಗೆ ಬೈಯಲಿಕ್ಕೆ ನನಗೆ ಬಾಯಿ ಇಲ್ಲ. ಆದರೆ ಹತ್ತು ತಿಂಗಳು ನಾನು ನನ್ನ ಮಗನ ಹತ್ತಿರ ಕೂತುಕೊಳ್ಳಲಿಲ್ಲ. ಅದು ನಿನ್ನ ಕಣ್ಣಿಗೆ ಬೀಳ್ಲಿಲ್ಲವಾ?"

ಬಿದ್ದಿತ್ತು. ಅದನ್ನೂ ಹೇಳಿದೆ. ಅಮ್ಮ ಅತ್ತರು, ಸ್ವಲ್ಪವೇ. ಆಮೇಲೆ ಎದ್ದು ನನ್ನ ಫೋನ್ ತಂದು ಮಡಿಲಿಗೆ ಹಾಕಿದರು. "ಕಕ್ಕಿಂಜೆಗೆ ಮಾಡು. ನನ್ನ ತಂಗಿಯ ಎದುರು ನಾನು ತಲೆ ತಗ್ಗಿಸಿದ್ದೇನೆ. ನೀನೇ ಹೇಳ್ಬೇಕು."

ಅಮ್ಮನಿಗೆ ಹೇಳುವುದಕ್ಕಿಂತ ಅದು ಕಷ್ಟವಾಯಿತು. ತಮ್ಮನ ಕೋಣೆಗೆ ಹೋಗಿ, ಅವನ ಎದುರೇ ಸ್ಪೀಕರ್ ಹಾಕಿ ಮಾಡಿದೆ. ಅವನಿಗೂ ತಿಳಿಯಲಿ ಎಂದು. ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆಚೆ ಕಡೆ ಸದ್ದಿಲ್ಲ. ಚಿಕ್ಕಮ್ಮನಿಂದ ಸದ್ದಿಲ್ಲದಿರುವುದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ನಾನು ಒಣಮೀನು ಅಂತ ಬೈದದ್ದು ಯಾರಿಗೆ?" ಎಂದರು ಕೊನೆಗೆ.

"ನನಗೆ ಆಗ್ಬೇಕಿತ್ತು ಚಿಕ್ಕಮ್ಮ."

"ನಿನಗೆ ಬೇರೆ ಉಂಟು, ಅಲ್ಲಿ ಬಂದು ಕೊಡ್ತೇನೆ. ಅಕ್ಕನಿಗೆ ಫೋನ್ ಕೊಡು."

ಹೊಸ್ತಿಲಲ್ಲಿ ನಿಂತಿದ್ದ ಅಮ್ಮ, "ನನಗೆ ಕೆಲಸ ಉಂಟು ಹೇಳು. ನಾಳೆ ಮಾಡ್ಲಿ. ನಾಡಿದ್ದು ಬೇಕಾದ್ರೂ ಮಾಡ್ಲಿ," ಎಂದರು. ತಮ್ಮನಿಗೆ ನಗು ತಡೆಯಲಾಗಲಿಲ್ಲ. ಅವನು ಜೋರಾಗಿ ನಕ್ಕರೆ ಮೆಶಿನಿಗೆ ಉಸಿರಿನ ಲೆಕ್ಕ ತಪ್ಪಿ ಕೂಗಲು ಶುರು ಮಾಡುತ್ತದೆ. ಅದು ಕೂಗಿತು. ಚಿಕ್ಕಮ್ಮ ಫೋನಿನಲ್ಲಿ, "ಏನಾಯ್ತು, ಏನಾಯ್ತು?" ಎಂದು ಅದಕ್ಕಿಂತ ಜೋರಾಗಿ ಕೂಗಿದರು.

ನಗು ನಿಂತ ಮೇಲೆ ತಮ್ಮ ಹೇಳಿದ, ಒಂದೊಂದು ಉಸಿರಿಗೆ ಒಂದೊಂದು ತುಂಡು. "ನಾನೂ ಹೇಳಬಹುದಿತ್ತು. ಫಿಲ್ಟರ್ ಇಲ್ಲದ್ದು ನನಗೆ ಗೊತ್ತಿತ್ತು. ಗಾಳಿಯಲ್ಲಿ ಹೊಗೆಸೊಪ್ಪಿನ ವಾಸನೆ ಬರ್ತಿತ್ತು." ಕಾದ. "ಹೇಳಿದ್ರೆ ನೀನು ಜಗಲಿಗೆ ಹೋಗ್ತಿದ್ದಿ." ಧೂಪದ ವಿಷಯದಲ್ಲಿ ಅವನೂ ಸುಮ್ಮನಿದ್ದದ್ದಕ್ಕೆ ಹೇಳಿದ್ದು ಇಷ್ಟೇ. "ಅದನ್ನು ನೀನೇ ಹೇಳ್ತಿ ಅಂತ ಕಾದೆ. ತುಂಬಾ ಕಾಯಿಸಿದಿ ಮಾರಾಯ್ತಿ." ಅವನು ಹೀಗೆ ಹೇಳಿದ್ದರಿಂದ ನನ್ನ ತಪ್ಪು ಅರ್ಧವಾಗಲಿಲ್ಲ. ಅವನಿಗೆ ಎದ್ದು ಹೋಗಲು ಕಾಲಿರಲಿಲ್ಲ. ನನಗೆ ಇತ್ತು.

ಮುಂದಿನ ಶುಕ್ರವಾರ ಸಂಜೆ ಅಮ್ಮ ಅಟ್ಟದಿಂದ ಧೂಪದ ಪಾತ್ರೆ ಇಳಿಸಿದರು. ಮನೆಯೊಳಗೆ ಹೊಗೆ ಬೇಡ ಎನ್ನುವುದು ಹಾಗೇ ಉಳಿಯಿತು, ಅದನ್ನು ಡಾಕ್ಟರಮ್ಮ ಸರಿಯಾಗಿಯೇ ಹೇಳಿದ್ದರು. ಅಂಗಳದ ತುಳಸಿಕಟ್ಟೆಯಲ್ಲಿ ಹಾಕುತ್ತೇನೆ ಎಂದರು. ತಮ್ಮ ಕಿಟಕಿಯ ಗಾಜಿನಿಂದ ತೆಂಗಿನ ಗರಿ ನೋಡಿ ಗಾಳಿ ಎತ್ತ ಎಂದು ಹೇಳುವ ಕೆಲಸ ವಹಿಸಿಕೊಂಡ. ಬೆಲ್ ಒತ್ತಿದ. ಜಗಲಿಯಲ್ಲಿ ಹಕ್ಕಿ ಕೂಗಿತು. ಹೋಗಿ ಕೇಳಿದರೆ, "ಈಗ ಬೇಡ ಹೇಳು. ಗಾಳಿ ಈಚೆ ಉಂಟು." ಅಮ್ಮ ಕೆಂಡ ಹಿಡಿದು ಅಂಗಳದಲ್ಲೇ ಕಾದರು. ಮೂಡುಬಿದಿರೆಗೆ ಹೋಗುವ ಬಸ್ಸೊಂದು ದಾಟಿತು, ಇನ್ನೊಂದು ದಾಟಿತು. ಕೆಂಡಕ್ಕೆ ಬೂದಿ ಕಟ್ಟಿತು, ಅಮ್ಮ ಊದಿದರು. ಮತ್ತೆ ಹಕ್ಕಿ ಕೂಗಿತು. "ಈಗ ಆಗ್ತದೆ."

ಲೋಬಾನ ಉದುರಿಸಿದಾಗ ಹೊಗೆ ಎದ್ದು ರಸ್ತೆಯ ಕಡೆ ಹೋಯಿತು. ಅಮ್ಮ ಕೈ ಮುಗಿದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಹತ್ತು ತಿಂಗಳ ಬಾಕಿ ಮಾತು ಇದ್ದಿರಬೇಕು.

ಆಮೇಲೆ ಕಾಲು ತೊಳೆದು ನೇರ ಒಳಗೆ ಹೋದರು. ಸ್ನಾನ ಮಾಡಲಿಲ್ಲ. ನಾನು ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದೆ, ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮಂಚ ಕಿರ್ ಎಂದಿತು, ಅಮ್ಮ ಅದರ ಅಂಚಿನಲ್ಲಿ ಕೂತರು. ಮಾಸ್ಕಿನ ಪಟ್ಟಿ ಬಿಚ್ಚಿ ಮತ್ತೆ ಹಾಕುವ ಚಿರ್ ಎನ್ನುವ ಸದ್ದು. "ನೋಡು, ಕೆನ್ನೆಯಲ್ಲಿ ಎಷ್ಟು ಗೆರೆ ಹಾಕಿದ್ದಾಳೆ," ಎಂದರು ಅಮ್ಮ, ನನಗೆ ಕೇಳಲಿ ಎಂದೇ.

ಮೆಶಿನ್ ಒಮ್ಮೆ ನೂಕಿತು, ಬಿಟ್ಟಿತು.

"ಕೈಯಲ್ಲಿ ಧೂಪದ ಪರಿಮಳ ಉಂಟು ಅಮ್ಮ," ಎಂದ ತಮ್ಮ. ಅಮ್ಮ ಕೈ ಹಿಂದಕ್ಕೆ ತೆಗೆದಿರಬೇಕು. ಮೆಶಿನ್ ಇನ್ನೊಂದು ಉಸಿರು ಕೊಡುವವರೆಗೆ ಅವನು ಕಾದ.

"ತೆಗೀಬೇಡ," ಎಂದ.